ಎತ್ತಿದ ಕೈಯೂ ನಿಂತ ಜೀಪೂ

ನಮ್ಮ ಐವರ್ನಾಡಿನ ರಸ್ತೆ ಬದಿಯಲ್ಲಿ ನಿಂತು ತಲೆ ತುರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಕೈ ಭುಜಕ್ಕಿಂತ ಮೇಲೇರಿದರೆ ಸಾಕು, ಹಾದುಹೋಗುವ ವಾಹನವೊಂದು ಗಕ್ಕನೆ ನಿಂತು, ನಾವು ಸಂಕಲ್ಪಿಸಿಯೇ ಇರದ ಪ್ರಯಾಣಕ್ಕೆ ನಮ್ಮನ್ನು ಆಹ್ವಾನಿಸುತ್ತದೆ. ಈ ಸೌಜನ್ಯ ಒಮ್ಮೆ ಒಂದು ಓಟದ ಪಂದ್ಯವನ್ನೇ ನುಂಗಿತೆಂದರೆ ನೀವು ನಂಬಬೇಕು, ಏಕೆಂದರೆ ಆ ದಿನ ಎತ್ತಿದ ಕೈ ನನ್ನದೇ.

ಕುಶಾಲಪ್ಪ ನಮ್ಮೂರ ಮೇಲಿಂದ ಸುಳ್ಯಕ್ಕೆ ಜನ ಹತ್ತಿಸಿಕೊಂಡು ಹೋಗುವ ಸರ್ವಿಸ್ ಜೀಪು ಓಡಿಸುತ್ತಿದ್ದವನು. ನಾನು ಪಾಠ ಮಾಡಲು ಶಾಲೆಗೆ ಹೋಗುತ್ತಿದ್ದುದು ಅದರಲ್ಲೇ, ಅರ್ಧ ಒಳಗೆ, ಅರ್ಧ ಹೊರಗೆ. ಮನೆಮನೆಗೂ ಬೈಕು ಬಂದ ಮೇಲೆ ಆ ಜೀಪು ಅಂಗಳದಲ್ಲಿ ಕೋಳಿಗಳ ವಿಶ್ರಾಂತಿಧಾಮವಾಯಿತು. ಗುಜರಿಗೆ ಕೊಟ್ಟುಬಿಡಿ ಎಂದು ಅವನ ಹೆಂಡತಿ ಲೀಲಾವತಿ ಹೇಳತೊಡಗಿದ ಕಾಲಕ್ಕೆ ಸರಿಯಾಗಿ ಅವನ ಮೊಬೈಲಿನಲ್ಲಿ ಒಂದು ವಿಡಿಯೋ ಬಂತು: ಪರದೇಶದವರು ಹಳೆಯ ಕಾರಿನ ತಲೆಯ ಮೇಲಿನ ಮಾಡು ಕಿತ್ತು, ದೊಡ್ಡ ಎಂಜಿನ್ ಕೂರಿಸಿ, ನೇರ ದಾರಿಯಲ್ಲಿ ಜೋಡಿಯಾಗಿ ಪಂದ್ಯಕ್ಕೆ ಓಡಿಸುವುದು.

"ಮಾಷ್ಟ್ರೆ, ನಮ್ಮದರ ಮಾಡು ಬರೀ ಟರ್ಪಾಲು ಅಲ್ವಾ, ಅರ್ಧ ಕೆಲಸ ಆದ ಹಾಗೆಯೇ" ಎಂದ.

ಇನ್ನರ್ಧಕ್ಕೆ ಒಂದು ಬೇಸಿಗೆ ಹಿಡಿಯಿತು. ಪುತ್ತೂರಿನ ಗುಜರಿಯಿಂದ ಪಿಕಪ್ಪಿನ ಎಂಜಿನ್ ಬಂತು. ಟರ್ಪಾಲೂ ಹಿಂದಿನ ಸೀಟುಗಳೂ ಮುಂದಿನ ಗಾಜೂ ಭಾರವೆಂಬ ಆರೋಪದ ಮೇಲೆ ಗಡೀಪಾರಾದವು. ಉಳಿದದ್ದಕ್ಕೆ ಕೆಂಪು ಬಣ್ಣ ಬಳಿದೆವು. ಕೇಳಿದ ಸ್ಪ್ಯಾನರೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಎತ್ತಿಕೊಡುವುದರಲ್ಲಿ ನಾನು ನೈಪುಣ್ಯ ಸಾಧಿಸಿದೆ. ಗ್ರೀಸಿನ ವಾಸನೆ ನನಗೆ ಈಗಲೂ ಪ್ರಿಯ.

ದುರ್ಲಭವಾದದ್ದು ನೇರ ದಾರಿ. ನಮ್ಮ ಸೀಮೆಯಲ್ಲಿ ತಿರುವಿಲ್ಲದ ಕಡೆ ಗುಂಡಿ, ಗುಂಡಿಯಿಲ್ಲದ ಕಡೆ ತಿರುವು. ಕೊನೆಗೆ ಮಂಡೆಕೋಲಿನಲ್ಲಿ ಕೊಯ್ಲಾದ ಗದ್ದೆಗಳ ಬದು ತಗ್ಗಿಸಿ ದಾರಿ ಮಾಡಿದೆವು. ಎದುರಾಳಿ ಕಡಬದ ಒಂದು ಹಸಿರು ಜೀಪು. ಲೀಲಾವತಿಯ ಷರತ್ತು ಸ್ಪಷ್ಟವಾಗಿತ್ತು: "ಗೆದ್ರೆ ಅಂಗಳದಲ್ಲಿ ಇರ್ಲಿ. ಸೋತ್ರೆ ನಾಳೆಯೇ ಗುಜರಿಗೆ." ಸುಣ್ಣದ ಗೆರೆಯ ಪಕ್ಕ ಕೈ ಎತ್ತಿ ನಿಂತು ಓಟದ ಕೊನೆಯನ್ನು ತೋರಿಸುವ ಹುದ್ದೆ, ಯಾರಿಗೂ ಹಾನಿ ಮಾಡಲಾಗದ್ದೆಂಬ ನಂಬಿಕೆಯಿಂದ, ನನಗೆ ದೊರೆಯಿತು.

ಕುಶಾಲಪ್ಪ ಮೊದಲಿನಿಂದಲೂ ಮುಂದಿದ್ದ. ಸಂಭ್ರಮ ತಡೆಯಲಾರದೆ ನಾನು ಕೈಯನ್ನು ಇನ್ನಷ್ಟು ಮೇಲೆತ್ತಿದೆ. ಕೆಂಪು ಜೀಪು ಧೂಳೆಬ್ಬಿಸುತ್ತಾ, ಜಾರುತ್ತಾ ಬಂದು, ಗೆರೆಗೆ ಒಂದು ಮಾರು ಈಚೆಗೆ, ಸರಿಯಾಗಿ ನನ್ನ ಪಕ್ಕದಲ್ಲಿ ನಿಂತಿತು.

"ಹತ್ತಿ ಮಾಷ್ಟ್ರೆ, ಹಿಂದೆ ಜಾಗ ಉಂಟು" ಎಂದ ಕುಶಾಲಪ್ಪ.

ಹಿಂದೆ ಸೀಟೇ ಇರಲಿಲ್ಲ. ಕಡಬದ ಜೀಪು ನಮ್ಮಿಬ್ಬರ ಮೇಲೂ ಮಣ್ಣೆರಚಿ ಗೆರೆ ದಾಟಿತು. ಗದ್ದೆ ತುಂಬ ನಗು. ಅವನು ಸ್ಟಿಯರಿಂಗಿಗೆ ಹಣೆಯಿಟ್ಟು ಕುಳಿತ. ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ. ಲೀಲಾವತಿ ನಿಧಾನವಾಗಿ ಬಂದು, ಬಿಸಿ ಬಾನೆಟ್ಟನ್ನು ಸೆರಗಿನಿಂದ ಒರೆಸಿದಳು.

"ಗುಜರಿಗೆ ಬೇಡ. ಹಿಂದಿನ ಸೀಟು ಪುನಃ ಹಾಕಿಸಿ. ಅಷ್ಟು ಜೋರು ಬರುವಾಗ್ಲೂ ಕೈ ಕಂಡ್ರೆ ನಿಲ್ಲಿಸ್ತೀರಲ್ಲ ಮಾರಾಯ್ರೆ."

ಸೀಟು ಬಂತು, ಮಾಡು ಮಾತ್ರ ಬರಲಿಲ್ಲ. ಈಗಲೂ ರಸ್ತೆ ಬದಿಯಲ್ಲಿ ತಲೆ ತುರಿಸಿಕೊಂಡರೆ ಆ ಕೆಂಪು ಜೀಪು ನಿಲ್ಲುತ್ತದೆ. ಮೊದಲಾದರೆ ಕೈ ಇಳಿಸಿ, ಎಲ್ಲಿಗೂ ಇಲ್ಲ ಎನ್ನುತ್ತಿದ್ದೆ. ಈಗ ಎಲ್ಲಿಗೆಂದು ಕೇಳದೆ ಹತ್ತಿ ಕೂರುತ್ತೇನೆ. ನಿಜ ಹೇಳಬೇಕೆಂದರೆ, ತಲೆ ತುರಿಸದ ದಿನವೂ ಕೈ ಎತ್ತುತ್ತೇನೆ.