ಎದುರಂಗಡಿಯವರ ಉರುಟು ತಲೆಯ ಸ್ಕ್ರೂ

ಕುದ್ರೋಳಿಯಲ್ಲಿ ನನ್ನ ಹಾರ್ಡ್‌ವೇರ್ ಅಂಗಡಿಯ ಎದುರಿಗೆ ಇನ್ನೊಂದು ಹಾರ್ಡ್‌ವೇರ್ ಅಂಗಡಿಯಿತ್ತು. ನನ್ನದೇ ದೊಡ್ಡದು, ಗಿರಾಕಿಗಳು ಮಾತ್ರ ಅಲ್ಲಿಗೆ ಹೋಗುತ್ತಿದ್ದರು. ಮರಕ್ಕೆ ಸ್ಕ್ರೂ ಕೇಳಿದರೆ ಆ ಅಂಗಡಿಯವರು ಡಬ್ಬಿಗೆ ಕೈಹಾಕುವ ಮೊದಲು ಕನ್ನಡಕವನ್ನು ಹಣೆಗೇರಿಸಿ, "ಮುಂದೆ ಬಿಚ್ಲಿಕ್ಕೆ ಉಂಟಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಮರದೊಳಗೆ ಮಟ್ಟವಾಗಿ ಕೂರುವ ಚಪ್ಪಟೆ ತಲೆ, ಉಂಟೆಂದರೆ ಗುಂಡಗೆ ಮೇಲೆ ಎದ್ದು ನಿಲ್ಲುವ ಉರುಟು ತಲೆ. ಇಷ್ಟಕ್ಕೇ ಜನ ಹೊಗಳಿದ್ದೇ ಹೊಗಳಿದ್ದು. ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ಬೆಂಗ್ರೆಯ ದೋಣಿಯವನೊಬ್ಬ ನಾನು ಕೊಟ್ಟ ಪ್ಲಸ್ ತಲೆಯ ಸ್ಕ್ರೂಗಳನ್ನು ಹಿಡಿದುಕೊಂಡೇ ರಸ್ತೆ ದಾಟಿ ಅವರಿಗೆ ತೋರಿಸಿದ.

"ದೋಣಿಗೆ ಮೈನಸ್ ತಲೆ ಒಳ್ಳೇದು ಮಾರಾಯ. ಪ್ಲಸ್ಸಿನ ಗುಂಡಿಯಲ್ಲಿ ಪೇಂಟ್ ಕೂತ್ರೆ ಕೆರೆದು ತೆಗೀಲಿಕ್ಕೆ ಕಷ್ಟ. ಅವರತ್ರವೇ ಬದಲಿಸ್ಕೊ, ಅಲ್ಲೂ ಉಂಟು," ಎಂದರು.

ಗಿರಾಕಿಯನ್ನು ನನ್ನ ಬಳಿಗೇ ವಾಪಸು ಕಳಿಸಿದ್ದರು. ಅದು ಇನ್ನೂ ಹೆಚ್ಚು ಉರಿಸಿತು.

ಕಳೆದ ವರ್ಷ ಅವರು ಅಂಗಡಿ ಮುಚ್ಚಿದರು. ಕೊನೆಯ ದಿನ ಸಂಜೆ ಸ್ಟೂಲ್ ಹತ್ತಿ, ಬಾಗಿಲಿನ ಮೇಲಿನ ಹಲಗೆಯಿಂದ ತಮ್ಮ ಬೋರ್ಡನ್ನು ತಾವೇ ಬಿಚ್ಚಿದರು. ನಾಲ್ಕೂ ಉರುಟು ತಲೆಯ ಸ್ಕ್ರೂಗಳು, ಸಲೀಸಾಗಿ ತಿರುಗಿ ಬಂದವು. ಅಂಗಡಿ ತೆರೆದ ದಿನವೇ ಮುಚ್ಚುವ ದಿನವನ್ನೂ ಯೋಚಿಸಿಟ್ಟ ಮನುಷ್ಯ! ಬಳಿಕ ಸ್ಕ್ರೂಡ್ರೈವರ್ ಹಿಡಿದೇ ನನ್ನಲ್ಲಿಗೆ ಬಂದು, ಮೊಳೆ ಹೊಡೆದು ಮೇಲೆ ಪೇಂಟ್ ಬಳಿದ ನನ್ನ ಬೋರ್ಡನ್ನು ನೋಡಿದರು. ಕನ್ನಡಕ ಹಣೆಗೇರಿತು.

"ಇದು ಬಿಚ್ಲಿಕ್ಕೆ ಉಂಟಾ?"

"ಇಲ್ಲ," ಎಂದೆ.

ಈಗ ಗಿರಾಕಿಗಳೆಲ್ಲ ನನ್ನವರೇ. ಆದರೂ ಎದುರಿನ ಹಲಗೆಯಲ್ಲಿ ಉಳಿದಿರುವ ಆ ನಾಲ್ಕು ಅಚ್ಚುಕಟ್ಟಾದ ತೂತುಗಳನ್ನು ಕಂಡರೆ ನನ್ನ ಹೊಟ್ಟೆಕಿಚ್ಚು ಆರುವುದಿಲ್ಲ.