ಟೇಬಲ್ಲಿನ ಹೊಟ್ಟೆಯ ಮೇಲೆ ಬರೆದ ಸಾಲು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಆರೈಕೆ ಕೇಂದ್ರದ ಹಿಂದಿನ ಅಂಗಳದಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಪೂಲ್ ಟೇಬಲ್ಲಿನ ಕೆಳಗೆ ಅಂಗಾತ ಮಲಗಿದ್ದಾರೆ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಚಿಕ್ಕದೊಂದು ಅಯಸ್ಕಾಂತ. ಅದನ್ನು ಒಂದೊಂದೇ ಸ್ಕ್ರೂವಿಗೆ ತಾಗಿಸುತ್ತಾರೆ. ಟಕ್, ಟಕ್, ಟಕ್. ತುಕ್ಕು ಹಿಡಿಯದ ಉಕ್ಕಿಗೆ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ; ಹನ್ನೆರಡು ಸ್ಕ್ರೂಗಳಿಗೂ ಅದು ಅಂಟಿಕೊಳ್ಳುತ್ತದೆ. ಹನ್ನೆರಡಕ್ಕೂ ತುಕ್ಕು.

"ತುಕ್ಕು ಹಿಡಿಯಲ್ಲ ಅಂತ ಅಂಗಡಿಯೋರು ಕಾಗದದಲ್ಲಿ ಬರ್ದಿದಾರೆ," ಅನ್ನುತ್ತಾರೆ ಅವರು. "ಕಾಗದಕ್ಕೆ ಹಿಡಿಯಲ್ಲ ಬಿಡಿ. ಅದು ನಿಜ."

ಇವರನ್ನು ಎಲ್ಲರೂ ಕರೆಯುವುದು ರಸಮಟ್ಟದಕ್ಕ ಎಂದು. ನೆಲ ಸಮವಾಗಿದೆಯೇ ಎಂದು ನೋಡಲು ಮೇಸ್ತ್ರಿಗಳು ಇಟ್ಟುಕೊಳ್ಳುವ ರಸಮಟ್ಟ ಇವರ ಚೀಲದಿಂದ ಸದಾ ಇಣುಕುತ್ತಿರುತ್ತದೆ. ಪೂಲ್ ಟೇಬಲ್ ಜೋಡಿಸುವುದು, ಮಟ್ಟಕ್ಕೆ ತರುವುದು, ಅದರ ಮೇಲೆ ಬಟ್ಟೆ ಬಿಗಿಯುವುದು ಇವರ ಕಸುಬು. ಇಪ್ಪತ್ಮೂರು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಎರಡು ಟೇಬಲ್, ಒಂದೊಂದಕ್ಕೆ ಮೂರು ಗಂಟೆ. ಬಟ್ಟೆ ಎಳೆದೆಳೆದು ಎರಡೂ ಹೆಬ್ಬೆರಳು ಹೊರಕ್ಕೆ ಬಾಗಿವೆ. ಇಷ್ಟಾಗಿಯೂ ಗೇಟು ತೆರೆದವರು ಮೊದಲು ಕೇಳುವುದು, "ಫಿಟರ್ ಎಲ್ಲಮ್ಮಾ, ಹಿಂದೆ ಬರ್ತಾ ಇದಾರಾ?"

ಕೆಲಸ ಕಲಿಸಿದವರು ಮಾವ, ಗಂಡನ ತಂದೆ. ಆಟದ ಹಾಲ್ ಒಂದರಲ್ಲಿ ಟೇಬಲ್ ನೋಡಿಕೊಳ್ಳುತ್ತಿದ್ದರು. ಅವರದೊಂದು ಪದ್ಧತಿ ಇತ್ತು: ಟೇಬಲ್ ಕೂರಿಸಿದ ಮೇಲೆ ಅದರ ಕೆಳಗೆ ತೂರಿ, ತಾರೀಖು, ಮಟ್ಟ ಎಷ್ಟಿದೆ, ಬಟ್ಟೆಯ ಕೆಳಗಿನ ಹಾಸು ಕಲ್ಲಿನದೋ ಹಲಗೆಯದೋ ಎಂದು ಪೆನ್ಸಿಲ್ಲಿನಲ್ಲಿ ಬರೆಯುವುದು. ಮುಂದೆ ರಿಪೇರಿಗೆ ಬರುವವನಿಗೆ ಗೊತ್ತಾಗಲಿ ಎಂದು. "ಮೇಲೆ ಆಡೋರು ಮರೀತಾರೆ ಮಗಾ, ಹೊಟ್ಟೆ ಮರೆಯಲ್ಲ ಅಂತಿದ್ರು ಮಾವ," ಎನ್ನುತ್ತಾರೆ ಅಕ್ಕ. ಮಾವ ತೀರಿಕೊಂಡು ಒಂಬತ್ತು ವರ್ಷ. ಅಕ್ಕ ಬರೆಯುವುದನ್ನು ನಿಲ್ಲಿಸಿಲ್ಲ.

ಇವತ್ತು ಅಕ್ಕನ ಕಸುಬೇ ಪಣಕ್ಕಿದೆ. ಒಂಬತ್ತು ಗಂಟೆಗೆ ಅಂಗಡಿಯ ಪ್ರತಿನಿಧಿ ಬರುತ್ತಾರೆ. ನಾಲ್ಕು ತಿಂಗಳ ಹಿಂದೆ ಆರೈಕೆ ಕೇಂದ್ರದವರು ಈ ಟೇಬಲ್ಲನ್ನು ಅವರ ಅಂಗಡಿಯಿಂದ ಕೊಂಡರು; ಅಂಗಡಿಯ ಪರವಾಗಿ ಬಂದು ಕೂರಿಸಿದ್ದು ಅಕ್ಕ. ಕೈಕಾಲಿನ ಶಕ್ತಿ ಕಳೆದುಕೊಂಡು ಮತ್ತೆ ಕಲಿಯುತ್ತಿರುವವರು ಇಲ್ಲಿದ್ದಾರೆ. "ಕಂಬಿ ಹಿಡಿದು ಹತ್ತು ನಿಮಿಷ ನಿಲ್ಲಿ ಅಂದ್ರೆ ಗೊಣಗ್ತಾರೆ. ಪೂಲ್ ಆಡೋಕೆ ಬಿಟ್ರೆ ನಲವತ್ತು ನಿಮಿಷ ನಿಂತಿರ್ತಾರೆ, ನಿಂತಿದೀವಿ ಅನ್ನೋದೇ ಗೊತ್ತಾಗಲ್ಲ," ಎನ್ನುತ್ತಾರೆ ಕೇಂದ್ರದ ಮೇಟ್ರನ್. ಒಳಗೆ ಜಾಗವಿಲ್ಲ. ಹಾಗಾಗಿ ಹೊರಗಿಡುವಂಥದ್ದು ಬೇಕಿತ್ತು. ಅಂಗಡಿ ಹೇಳಿದ್ದು: ಬಿಸಿಲಿರಲಿ ಮಳೆಯಿರಲಿ, ಮುಚ್ಚುವುದೂ ಬೇಡ.

ಆರನೇ ವಾರಕ್ಕೆ ಮಳೆ ಶುರುವಾಯಿತು. ಎಂಟನೇ ವಾರಕ್ಕೆ ಚೆಂಡುಗಳೆಲ್ಲ ತಾವಾಗಿಯೇ ಒಂದು ಮೂಲೆಗೆ ಉರುಳತೊಡಗಿದವು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಮಾಜಿ ಬಸ್ ಚಾಲಕ, ಇಲ್ಲಿನವರ ಡ್ರೈವರ್ ತಾತ, ಅದನ್ನು ಮೊದಲು ಕಂಡವರು. "ಇದಕ್ಕೂ ನನ್ನ ಹಾಗೇ ಹೊಡೆದಿದೆ ಕಣಮ್ಮ. ಬಲಗಡೆಗೇ ಎಳೀತಿದೆ," ಎಂದರಂತೆ.

ದೂರು ಹೋಯಿತು. ಅಂಗಡಿಯ ಉತ್ತರ ಒಂದೇ ವಾಕ್ಯ: ಟೇಬಲ್ ಸರಿಯಿದೆ, ಕೂರಿಸಿದ್ದು ಸರಿಯಿಲ್ಲ. ಕೂರಿಸಿದವರನ್ನು ಫಿಟರ್‌ಗಳ ಪಟ್ಟಿಯಿಂದ ತೆಗೆಯಲಾಗುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಫಿಟರ್‌ಗಳಿಂದ ಸಹಿ ಹಾಕಿಸಿಕೊಳ್ಳುವ ಹಾಳೆಯ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದಕ್ಕೆ ದಾರಿಯನ್ನೂ ಮಾಡಿಟ್ಟಿದ್ದಾರೆ: ಮುಂದೆ ಟೇಬಲ್ ವಾಲಿದರೆ ಜೋಡಿಸಿದವರೇ ಹೊಣೆ. ಮಾರಿದವರ ಹೊಣೆಯ ಬಗ್ಗೆ ಆ ಹಾಳೆಯಲ್ಲಿ ಒಂದು ಪದವೂ ಇಲ್ಲ.

ಅಕ್ಕನ ನೋಟ್‌ಬುಕ್ಕಿನ ಪ್ರಕಾರ, ಕಳೆದ ಹನ್ನೆರಡು ತಿಂಗಳಲ್ಲಿ ಅವರು ಈ ಅಂಗಡಿಗಾಗಿ ಹೊರಾಂಗಣದಲ್ಲಿ ಕೂರಿಸಿದ ಟೇಬಲ್‌ಗಳು, ಇದೂ ಸೇರಿ, ನಲವತ್ತೊಂದು. ಮೊದಲ ಮಳೆಗಾಲ ಮುಗಿಯುವುದರೊಳಗೆ ಕೆಟ್ಟವು ಇಪ್ಪತ್ತಾರು. ಇಪ್ಪತ್ತಾರರ ಹಾಸೂ ಮರದ ಪುಡಿ ಒತ್ತಿ ಮಾಡಿದ ಹಲಗೆ. ಕಲ್ಲಿನ ಹಾಸು ಇರುವ ಒಂದೂ ಕೆಟ್ಟಿಲ್ಲ. ಈ ಲೇಖನಕ್ಕಾಗಿ ಕೆಟ್ಟವುಗಳಲ್ಲಿ ಒಂಬತ್ತನ್ನು ಬಗ್ಗಿ ನೋಡಲಾಯಿತು. ಒಂಬತ್ತರಲ್ಲೂ ಹಲಗೆ ಉಬ್ಬಿದೆ, ಒಂಬತ್ತರಲ್ಲೂ ಪೆನ್ಸಿಲ್ ಬರಹ ಇದೆ.

"ಬಟ್ಟೆ ಒಳ್ಳೇದೇ, ನೀರು ಕುಡಿಯಲ್ಲ," ಅಕ್ಕ ಬೆರಳಿಟ್ಟು ತೋರಿಸುತ್ತಾರೆ. "ಆದ್ರೆ ಚೆಂಡು ಬೀಳೋ ಜೇಬಿನ ಹತ್ರ ಕತ್ತರಿಸಿರ್ತಾರಲ್ಲ, ಅಲ್ಲಿಂದ ಇಳಿಯುತ್ತೆ. ಒಳಗಿರೋದು ನೆನೆದ ರಸ್ಕು. ಮೇಲೆ ಥಳಕು, ಒಳಗೆ ಹುಳುಕು."

ಒಂಬತ್ತೂ ಕಾಲಿಗೆ ಪ್ರತಿನಿಧಿ ಬರುತ್ತಾರೆ. ಇಸ್ತ್ರಿ ಮುರಿಯದ ಪ್ಯಾಂಟು, ಹೊಳೆಯುವ ಬೂಟು. ಟೇಬಲ್ಲಿನ ನಡುವೆ ಒಂದು ಚೆಂಡಿಟ್ಟು, ಅದು ಮೂಲೆಗೆ ಉರುಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ.

"ನೋಡಿ ಮೇಡಂ, ಮಟ್ಟವೇ ಇಲ್ಲ. ಕೂರಿಸಿದ ರೀತಿ ಇದು," ಎನ್ನುತ್ತಾರೆ, ಪಕ್ಕದಲ್ಲಿ ನಿಂತ ಮೇಟ್ರನ್ ಕಡೆ ತಿರುಗಿ.

"ಅಂಗಳದ ಮಟ್ಟ ನೋಡಿ ಸಾರ್," ಎಂದು ಅಕ್ಕ ರಸಮಟ್ಟವನ್ನು ಕಲ್ಲುಹಾಸಿನ ಮೇಲೆ ಇಡುತ್ತಾರೆ. "ಆಮೇಲೆ ಕಾಲುಗಳದ್ದು. ಎಲ್ಲಾ ಸರಿ ಇದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಾನು ನೆಲ ಡೊಂಕು ಅನ್ನಲೇ ಇಲ್ವಲ್ಲ. ನೆಲ ನೆಟ್ಟಗಿದೆ ಅಂತಿದೀನಿ. ಡೊಂಕಿರೋದು ನೀವು ಮಾರಿದ್ದು. ಒಂದ್ಸಲ ಬಗ್ಗಿ ನೋಡಿ."

ಅವರು ಬಗ್ಗುವುದಿಲ್ಲ. "ಅದೆಲ್ಲ ನೋಡೋ ಅಗತ್ಯ ಇಲ್ಲ" ಎಂದು ಮೊಬೈಲು ಜೇಬಿಗಿಳಿಸುತ್ತಾರೆ.

"ನಾನು ಬಗ್ತೀನಿ ಬಿಡಪ್ಪ," ಎಂದು ಡ್ರೈವರ್ ತಾತ ಊರುಗೋಲನ್ನು ಗೋಡೆಗೆ ಒರಗಿಸುತ್ತಾರೆ. "ಮೇಲೆ ಏಳ್ಸೋದು ಮಾತ್ರ ನಿನ್ನ ಜವಾಬ್ದಾರಿ."

ಮೇಟ್ರನ್ ಗಾಬರಿಯಿಂದ ತಾತನ ರಟ್ಟೆ ಹಿಡಿದು ನಿಲ್ಲಿಸಿ, ಅಡುಗೆಯವರನ್ನೂ ಕಾವಲುಗಾರರನ್ನೂ ಕೂಗುತ್ತಾರೆ. ಎಲ್ಲರೂ ಸೇರಿ ಟೇಬಲ್ಲನ್ನು ಒಂದು ಮಗ್ಗುಲಿಗೆ ಎತ್ತಿ ನಿಲ್ಲಿಸುತ್ತಾರೆ. ಉಬ್ಬಿ ಪದರ ಬಿಟ್ಟ ಹಲಗೆ, ತುಕ್ಕಿನ ಕಲೆ, ಅದರ ನಡುವೆ ದುಂಡನೆಯ ಅಕ್ಷರ. ಮೇಟ್ರನ್ ಗಟ್ಟಿಯಾಗಿ ಓದುತ್ತಾರೆ. ಮೊದಲು ಟೇಬಲ್ ಬಂದ ದಿನದ ತಾರೀಖು. ಆಮೇಲೆ, "ಹನ್ನೊಂದು ಕಡೆ ಮಟ್ಟ ನೋಡಿದೆ, ಸರಿ ಇದೆ. ಹಾಸು ಕಲ್ಲಲ್ಲ, ಪುಡಿ ಹಲಗೆ. ಮಳೆಗೆ ಉಬ್ಬುತ್ತೆ. ಹನ್ನೊಂದೂ ನಲವತ್ತಕ್ಕೆ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಕೂರಿಸಿ ಬಾ ಅಂದರು."

ಮೇಟ್ರನ್ ತಿರುಗಿ ನೋಡುವುದು ಪ್ರತಿನಿಧಿಯ ಕಡೆಗಲ್ಲ, ಅಕ್ಕನ ಕಡೆಗೆ.

"ಇದನ್ನ ನಂಗ್ಯಾಕೆ ಹೇಳಲಿಲ್ಲ ನೀವು?"

"ಹೇಳ್ಬೇಕಿತ್ತಮ್ಮ," ಎನ್ನುತ್ತಾರೆ ಅಕ್ಕ. "ಗಿರಾಕಿ ಹತ್ರ ಬಾಯಿ ಬಿಟ್ರೆ ಪಟ್ಟಿಯಿಂದ ತೆಗೀತೀವಿ ಅಂದಿದ್ರು. ಬಾಯಿ ಬಿಡ್ಲಿಲ್ಲ, ಬರೆದೆ. ಅದು ನನ್ನ ತಪ್ಪೇ. ಆದ್ರೆ ಮಟ್ಟ ನನ್ನ ತಪ್ಪಲ್ಲ."

ಪ್ರತಿನಿಧಿ ಆ ಬರಹದ ಚಿತ್ರ ತೆಗೆಯಲಿಲ್ಲ. ಮೇಟ್ರನ್ ತೆಗೆದರು, ಮೂರು ಸಲ.

ಹನ್ನೆರಡನೇ ದಿನ ಅಂಗಡಿ ಬೇರೆ ಟೇಬಲ್ ಕಳಿಸಿತು, ಕಲ್ಲಿನ ಹಾಸಿನದು. ಅದನ್ನು ಕೂರಿಸಿದವರೂ ಅಕ್ಕನೇ. ಕಲ್ಲು ಕೂರಿಸಲು ಬಲ್ಲವರು ಪಟ್ಟಿಯಲ್ಲಿ ಇಬ್ಬರೇ ಇರುವುದರಿಂದ ಅವರನ್ನು ತೆಗೆಯಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ತಾತ ಈಗ ಐವತ್ತು ನಿಮಿಷ ನಿಲ್ಲುತ್ತಾರೆ. ಕೆಟ್ಟವುಗಳಲ್ಲಿ ಉಳಿದ ಇಪ್ಪತ್ತೈದು ಟೇಬಲ್‌ಗಳ ವಿಚಾರವಾಗಿ ಅಂಗಡಿಗೆ ಈ ಪತ್ರಿಕೆ ಎರಡು ಸಲ ಬರೆಯಿತು. ಉತ್ತರ ಬಂದಿಲ್ಲ.

ಉತ್ತರದ ಬದಲು, ಮುಂದಿನ ಸೋಮವಾರ ಫಿಟರ್‌ಗಳಿಗೆಲ್ಲ ಕೊಟ್ಟ ಹಾಳೆಯಲ್ಲಿ ಹೊಸದೊಂದು ಸಾಲು ಸೇರಿತು: ಟೇಬಲ್ಲಿನ ಅಡಿಭಾಗದಲ್ಲಿ ಏನನ್ನೂ ಬರೆಯಕೂಡದು.

ಮಂಗಳವಾರ ಅಕ್ಕ ಎರಡು ಟೇಬಲ್ ಕೂರಿಸಿದರು. ಎರಡರ ಕೆಳಗೂ ಬರೆದಿದೆ. ಸಹಿ ಹಾಕುವ ಮುಂಚೆ ಎರಡೂ ಮನೆಯವರನ್ನು ಕರೆದು, ಬಗ್ಗಿಸಿ, ಟಾರ್ಚು ಹಿಡಿದು ಓದಿಸಿದರು.