ಎರಡನೆಯ ಕಾಗದ

ಕಳೆದ ವಾರ ನಮ್ಮ ಕಟ್ಟಡದ ಕೆಳಗಿನ ಇಸ್ತ್ರಿ ಅಂಗಡಿಯಲ್ಲಿ ಯಾರದೋ ಗಂಜಿ ಹಾಕಿದ ಸೀರೆಗೆ ಬಿಸಿ ಪೆಟ್ಟಿಗೆ ತಾಗಿ ಆವಿ ಎದ್ದಿತು. ಬೆಂದ ಅಕ್ಕಿಯ ಆ ವಾಸನೆಗೆ ನಾನು ನನ್ನ ಬಟ್ಟೆ ಕೇಳುವುದನ್ನೂ ಮರೆತು ನಿಂತೆ. ಈ ದುಬೈಯಲ್ಲಿ ಸೀರೆಗೆ ಗಂಜಿ ಹಾಕುತ್ತಿದ್ದವರು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬರೇ... ನಮ್ಮ ಎದುರು ಫ್ಲ್ಯಾಟಿನ ಆಂಟಿ.

ಆಗ ನಾನು ಇಲ್ಲಿಯ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿದ್ದೆ. ಉಡುಪಿಯಿಂದ ಬಂದು ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಗೋದಾಮೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಆಂಟಿ ಮಂಗಳೂರಿನ ಪ್ರೊಟೆಸ್ಟೆಂಟ್ ಮನೆಯವರು, ಕ್ಲಿನಿಕ್ಕಿನಲ್ಲಿ ನರ್ಸ್, ಒಂಟಿ ಜೀವ. ಗುರುವಾರ ಸಂಜೆ ಸೀರೆಗೆ ಗಂಜಿ, ಆಗ ವಾರದ ರಜೆಯಾಗಿದ್ದ ಶುಕ್ರವಾರ ಬೆಳಿಗ್ಗೆ ಚರ್ಚ್. ಚರ್ಚ್ ಮುಗಿದ ಮೇಲೆ ಅವರು ಕೊಡಿಸುವ ಬಿರಿಯಾನಿಯ ಆಸೆಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನಮ್ಮ ಸಭೆಗೆ ಬಿರಿಯಾನಿಯ ಭಕ್ತೆಯೊಬ್ಬಳು ಸಿಕ್ಕಿದ್ದಾಳೆ ಎಂದು ಆಂಟಿ ಎಲ್ಲರೆದುರು ನನ್ನ ಕಾಲೆಳೆಯುತ್ತಿದ್ದರು.

ಆ ಬಡಾವಣೆಯಲ್ಲಿ ಕಟ್ಟಡಗಳ ಒಂದೊಂದು ಗುಂಪಿಗೆ ಒಂದೊಂದು ದೇಶದ ಹೆಸರು. ನಾವಿದ್ದದ್ದು ಫ್ರಾನ್ಸಿನಲ್ಲಿ. ಜರ್ಮನಿಯೊಂದು ಇಲ್ಲವಲ್ಲ, ಇದ್ದಿದ್ದರೆ ಪಿತ್ರಾರ್ಜಿತ ಅಂತ ಕೇಳಬಹುದಿತ್ತು ಎಂದು ಆಂಟಿ ಒಮ್ಮೆ ನಕ್ಕರು. ಹಾಗೆ ಶುರುವಾದದ್ದು ಆ ಕಥೆ.

ಅವರ ತಾಯಿಯ ಅಜ್ಜ ಜರ್ಮನಿಯವನು. ಮಿಷನ್ನಿನ ಹೆಂಚಿನ ಕಾರ್ಖಾನೆಗೆ ಯಂತ್ರ ನೋಡಿಕೊಳ್ಳಲು ಮಂಗಳೂರಿಗೆ ಬಂದು, ಅಲ್ಲಿಯ ಹೆಣ್ಣನ್ನೇ ಮದುವೆಯಾದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರನ್ನೆಲ್ಲ ಹಿಡಿದು ಹಡಗು ಹತ್ತಿಸಿದಾಗ ಅವನಿಗೆ ಪುಟ್ಟ ಮಗಳೊಬ್ಬಳಿದ್ದಳು. ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದನಂತೆ. ಬರಲಿಲ್ಲ. ಆಮೇಲೆ ಅಮೆರಿಕಕ್ಕೆ ಹೋದನೆಂಬ ಸುದ್ದಿ ಬಂತು, ಅಷ್ಟೇ. ಆ ಮಗಳು, ಎಂದರೆ ಆಂಟಿಯ ಅಜ್ಜಿ, ಬಿಟ್ಟುಹೋದವನ ಮಗಳೆಂದು ಊರವರು ಆಡಿಕೊಂಡಾಗಲೆಲ್ಲ ಅಪ್ಪ ನನ್ನನ್ನು ಮರೆತಿಲ್ಲ ಎಂದೇ ಹೇಳುತ್ತ ಮುದುಕಿಯಾಗಿ ತೀರಿಕೊಂಡರು. ಎಂಬತ್ತು ದಾಟಿದ್ದ ಆಂಟಿಯ ತಾಯಿಗೆ ಕಣ್ಣು ಮುಚ್ಚುವ ಮೊದಲು ಅದೊಂದು ತಿಳಿಯಬೇಕಿತ್ತು. ಮರೆತನೋ, ಇಲ್ಲವೋ?

ಆ ಕಾಲದ ಅಮೆರಿಕದಲ್ಲಿ ಪರದೇಶದವನು ಪ್ರಜೆಯಾಗಬೇಕಾದರೆ ಎರಡು ಕಾಗದ ಕೊಡಬೇಕಿತ್ತು. ಆಗುವ ಮನಸ್ಸಿದೆ ಎಂದು ಮೊದಲನೆಯದು, ಕೆಲವು ವರ್ಷ ಕಳೆದ ಮೇಲೆ ನಿಜವಾದ ಅರ್ಜಿ. ಎರಡರಲ್ಲೂ ಹುಟ್ಟಿದ ಊರು, ಮಕ್ಕಳ ವಿವರ. ಆಂಟಿ ಇದನ್ನೆಲ್ಲ ತಿಳಿದುಕೊಂಡು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು. ವೀಸಾ ಕ್ಯಾನ್ಸಲ್ ಎಂದರೆ ಗಂಟುಮೂಟೆ ಕಟ್ಟಬೇಕಾದ ಊರಿನಲ್ಲಿ ಕೂತು ನಾವಿಬ್ಬರೂ ಯಾವನೋ ಜರ್ಮನ್ ಇನ್ಯಾವುದೋ ದೇಶದ ಪ್ರಜೆಯಾದ ಗುರುತು ಹುಡುಕಿದೆವು. ಅದೇ ಹೆಸರಿನವರು ಒಂದು ಹಿಂಡು. ಬಡಗಿ, ರೈತ, ಬೇಕರಿಯವ... ನಮ್ಮವನು ಮಾತ್ರ ಸಿಗಲಿಲ್ಲ. ಕೊನೆಗೊಂದು ದಿನ ಅಮೆರಿಕದ ದಾಖಲೆ ಕಚೇರಿಯಿಂದ ಇಮೇಲಿನಲ್ಲಿ ಒಂದು ಪ್ರತಿ ಬಂತು. ಮೊದಲನೆಯ ಕಾಗದ. ಮೂಲೆಯಲ್ಲಿ ಅಗಲ ಕಿವಿಯ ಗಂಡಸಿನ ಫೋಟೋ, ಸೇಮ್ ಟು ಸೇಮ್ ಆಂಟಿಯ ಕಿವಿ. ಮಕ್ಕಳು: ಒಬ್ಬಳು ಮಗಳು. ಹುಟ್ಟಿದ್ದು ಮಂಗಳೂರು, ವಾಸ ಮಂಗಳೂರು. ಜೊತೆಗೆ ಅಜ್ಜಿಯ ಹೆಸರು.

ಆಂಟಿ ಅಳುತ್ತಲೇ ಊರಿಗೆ ಫೋನ್ ಮಾಡಿದರು. ತಾಯಿ ಅತ್ತರು, ನಾನೂ ಅತ್ತೆ. ಊರಿನಲ್ಲಿ ಆಂಟಿಯ ತಮ್ಮ ಆ ಫೋಟೋವನ್ನು ದೊಡ್ಡದು ಮಾಡಿಸಿ ಅಜ್ಜಿಯ ಫೋಟೋದ ಪಕ್ಕದಲ್ಲೇ ಗೋಡೆಗೆ ಹಾಕಿದರು. ಅಷ್ಟು ವರ್ಷಗಳ ಮೇಲೆ ಅಪ್ಪ, ಮಗಳು ಅಕ್ಕಪಕ್ಕ ಬಂದರು.

ಆದರೆ ತಾಯಿಗೆ ಎರಡನೆಯದೂ ಬೇಕಿತ್ತು. ವಾರ ವಾರ ಫೋನಿನಲ್ಲಿ ಅದೇ ಪ್ರಶ್ನೆ, ಬಂತಾ, ಬಂತಾ? ಬಂತು. ನನ್ನ ಆಫೀಸಿನಲ್ಲಿ ಪ್ರಿಂಟ್ ತೆಗೆದು ನಾನೇ ತಂದುಕೊಟ್ಟೆ. ಅದೇ ಮನುಷ್ಯ, ಅದೇ ಊರು, ಅದೇ ಸಹಿ. ಮಕ್ಕಳು: ಇಲ್ಲ.

ಅವನು ಅದನ್ನು ಬರೆದುಕೊಟ್ಟ ಹೊತ್ತಿಗೆ ಆಂಟಿಯ ಅಜ್ಜಿ ಮಂಗಳೂರಿನಲ್ಲಿ ಬದುಕಿ ಬಾಳುತ್ತಿದ್ದರು, ಮಡಿಲಲ್ಲಿ ಆಂಟಿಯ ತಾಯಿ ಇದ್ದರು. ಮಗಳು ಸತ್ತಳೆಂದು ಅವನಿಗೆ ಯಾರಾದರೂ ಬರೆದಿರಬಹುದೇ ಎಂದೆ. ಅವನಿಗೆ ಹೊಸ ಸಂಸಾರ ಕಟ್ಟುವ ಮನಸ್ಸಾಗಿರಲೂಬಹುದು ಎಂದರು ಆಂಟಿ. ಎರಡಕ್ಕೂ ಆ ಹಾಳೆಯಲ್ಲಿ ಉತ್ತರವಿರಲಿಲ್ಲ. ನಾವು ಮಾತಾಡುತ್ತಿದ್ದ ಹಾಗೆಯೇ ಊರಿನಿಂದ ಫೋನ್ ಬಂತು. ಬಂದಿದೆ ಎಂದುಬಿಟ್ಟರು ಆಂಟಿ. ಸ್ಪೀಕರಿನಲ್ಲಿ ತಾಯಿಯ ದನಿ ಬಂತು.

"ಓದು ಮಗಾ."

ಆಂಟಿ ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದರು. "ನನಗೆ ಒಬ್ಬಳು ಮಗಳಿದ್ದಾಳೆ, ಮಂಗಳೂರಿನಲ್ಲಿ ಹುಟ್ಟಿದವಳು, ಈಗಲೂ ಅಲ್ಲೇ ಇದ್ದಾಳೆ ಅಂತ ಬರೆದಿದ್ದಾರೆ, ಅಮ್ಮ."

"ಇನ್ನೊಂದು ಸಲ ಓದು."

ಅವರು ಮತ್ತೆ ಓದಿದರು. ಒಂದು ಪದವೂ ಆಚೀಚೆ ಆಗಲಿಲ್ಲ. ಇಂಜೆಕ್ಷನ್ ನೋಯುವುದಿಲ್ಲ ಎಂದು ಮಕ್ಕಳಿಗೂ ಸುಳ್ಳು ಹೇಳದ ಹೆಂಗಸು ಅವರು. ಅವರ ಮುಖ ನೋಡಲಾಗದೆ ನಾನು ಅಡುಗೆಮನೆಗೆ ಹೋದೆ.

ಆ ವರ್ಷವೇ ತಾಯಿ ತೀರಿಕೊಂಡರು, ನೆಮ್ಮದಿಯಾಗಿ ಹೋದರಂತೆ. ಆಂಟಿ ಊರಿಗೆ ಹೋಗಿ ಮಣ್ಣು ಹಾಕಿ ಬಂದರು. ಅವರ ಚರ್ಚಿನಲ್ಲಿ ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಕೊಡುವ ರಾತ್ರಿಭೋಜನ ಎಂಬ ಸಂಸ್ಕಾರವಿದೆ. ಮೊದಲೆಲ್ಲ ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದ ಆಂಟಿ ಆ ಶುಕ್ರವಾರಗಳಲ್ಲಿ ಏಳದೆ ನನ್ನ ಪಕ್ಕದಲ್ಲೇ ಕೂರತೊಡಗಿದರು. ನಾಲ್ಕಾರು ತಿಂಗಳು ನೋಡಿ, ತಡೆಯಲಾಗದೆ ಕೇಳಿದೆ.

"ಅದು ತಗೊಳ್ಳುವ ಮೊದಲು ಮಾಡಿದ ತಪ್ಪಿಗೆ ಪಶ್ಚಾತ್ತಾಪ ಪಡಬೇಕು ಮಾರಾಯ್ತಿ," ಎಂದರು. "ಅಮ್ಮನ ಹತ್ತಿರ ಹೇಳಿದ ಸುಳ್ಳಿಗೆ ನನಗೆ ಪಶ್ಚಾತ್ತಾಪ ಆಗುವುದೇ ಇಲ್ಲ. ಆಗದ್ದನ್ನು ಆಯ್ತು ಅಂತ ದೇವರ ಹತ್ತಿರ ಹೇಗೆ ಹೇಳುವುದು?"

ದೇವರಿಗೆ ಅರ್ಥವಾಗುತ್ತದೆ ಎಂದೇನೋ ಅಂದೆ. ಅವರು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಕೆಲವು ವರ್ಷಗಳ ಮೇಲೆ ವಯಸ್ಸಾಯಿತೆಂದು ಕ್ಲಿನಿಕ್ಕಿನವರು ವೀಸಾ ಮುಂದುವರಿಸಲಿಲ್ಲ. ಊರು ಸೇರಿ ತಮ್ಮನ ಮನೆಯಲ್ಲಿದ್ದರು. ಮೊದಮೊದಲು ಫೋನ್, ಆಮೇಲೆ ಹಬ್ಬಕ್ಕೊಂದು ಮೆಸೇಜು... ನನ್ನಿಂದಲೂ ಕಡಿಮೆಯಾಗುತ್ತ ಬಂತು.

ಎರಡು ತಿಂಗಳ ಹಿಂದೆ ಅವರ ತಮ್ಮನೇ ಫೋನ್ ಮಾಡಿ ಆಂಟಿ ಇನ್ನಿಲ್ಲ ಎಂದರು. ನಾನು ಸುಧಾರಿಸಿಕೊಳ್ಳುವವರೆಗೆ ಕಾದು, ಅಳುಕುತ್ತ ಒಂದು ಮಾತು ಕೇಳಿದರು.

"ಕೊನೆಗೆ ಪಾಸ್ಟರ್ ಮನೆಗೇ ರಾತ್ರಿಭೋಜನ ತಂದಿದ್ದರು. ಅಕ್ಕ ಬೇಡ ಅಂದಳು. ಬಾಯಿ ಬಿಟ್ಟು ಯಾಕೆ ಅಂತ ಹೇಳಲಿಲ್ಲ. ನೀವು ಅವಳ ಹತ್ತಿರ ಇದ್ದವರು, ಅಲ್ಲಿ ಏನಾದರೂ ಆಗಿತ್ತಾ?"

ಅವರ ಗೋಡೆಯ ಮೇಲಿನ ಎರಡು ಫೋಟೋಗಳು ನನ್ನ ಕಣ್ಣಮುಂದೆ ಬಂದವು. ಏನೂ ಆಗಿರಲಿಲ್ಲ ಎಂದೆ. ಹಾಗಾದರೆ ಅಕ್ಕನಿಗೆ ದೇವರ ಮೇಲಿನ ನಂಬಿಕೆಯೇ ಹೋಗಿತ್ತೋ ಏನೋ ಎಂದು ನಿಟ್ಟುಸಿರು ಬಿಟ್ಟರು. ಅವರಷ್ಟು ನಂಬಿಕೆಯ ಹೆಂಗಸನ್ನು ನಾನು ಬೇರೆ ಕಂಡಿಲ್ಲ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಮತ್ಯಾಕೆ ಬೇಡ ಅಂದಳು ಎಂದು ಅವರು ಕೇಳಿದರೆ, ಆಂಟಿ ಅವರಿಂದಲೂ ಮುಚ್ಚಿಟ್ಟಿದ್ದ ಎರಡನೆಯ ಕಾಗದದ ಮಾತು ತೆಗೆಯಬೇಕಾಗುತ್ತಿತ್ತು.